ಕೂಸು ಅವರ ಕೈಯಲ್ಲಿ, ಹೊಣೆ ನಮ್ಮ ಮೇಲೆ

ಬೆಳಿಗ್ಗೆ ಎಂಟೂವರೆಯ ಹೊತ್ತು. ವೈಟ್‌ಫೀಲ್ಡ್ ಇರಲಿ, ಯಲಹಂಕ ಇರಲಿ, ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಎರಡು ಸಾಲುಗಳು ಎದುರುಬದುರಾಗುತ್ತವೆ. ಕಾರು, ಕ್ಯಾಬುಗಳ ಸಾಲು ಹೊರಕ್ಕೆ. ಸೆಕ್ಯುರಿಟಿಯವರಿಗೆ ಗುರುತು ಹೇಳಿ, ಕೈಚೀಲ ತೋರಿಸಿ ನಡೆದು ಬರುವ ಹೆಂಗಸರ ಸಾಲು ಒಳಕ್ಕೆ. ಅವರಲ್ಲೊಬ್ಬರು ಏಳನೇ ಮಹಡಿಯ ಮನೆಯ ಬೆಲ್ ಒತ್ತುತ್ತಾರೆ, ಕೈಕಾಲು ತೊಳೆದು ಬಂದು ತೋಳು ಚಾಚುತ್ತಾರೆ. ಏಳು ತಿಂಗಳ ಕೂಸು ತಾಯಿಯ ಸೊಂಟದಿಂದ ಅವರ ಸೊಂಟಕ್ಕೆ ದಾಟುತ್ತದೆ. ‘ಹತ್ತಕ್ಕೆ ರಾಗಿ ಸರಿ, ಹನ್ನೆರಡಕ್ಕೆ ನಿದ್ದೆ, ರಾತ್ರಿ ಸ್ವಲ್ಪ ಕೆಮ್ಮಿದೆ, ನೋಡ್ಕೊಳ್ಳಿ’ ಎನ್ನುತ್ತಲೇ ತಾಯಿ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸುತ್ತಾಳೆ. ಬಾಗಿಲು ಮುಚ್ಚುತ್ತದೆ.

ಬೆಂಗಳೂರಿಗಷ್ಟೇ ಸೇರಿದ ದೃಶ್ಯ ಇದಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಮಗು ನೋಡಿಕೊಳ್ಳಲು ಆಯಾ ಬೇಕೇ ಬೇಕು. ಆದರೆ ಈ ವ್ಯವಹಾರ ನಡೆಯುವುದೆಲ್ಲ ಬಾಯಿಮಾತಿನಲ್ಲಿ. ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಕರಾರು ಬರೆಸಿ ಸಹಿ ಹಾಕಿಸುವವರು, ಆ ಮನೆಯಲ್ಲಿ ಮಲಗಿರುವ ಮಗುವನ್ನು ಒಬ್ಬರ ಕೈಗೆ ಕೊಡುವಾಗ ಒಂದು ಸಾಲನ್ನೂ ಬರೆಯುವುದಿಲ್ಲ.

ಆಯಾ ಕೆಲಸಕ್ಕೆ ಬಂದ ದಿನವೇ ನಮ್ಮ ಮನೆ ಇನ್ನೊಬ್ಬರ ಕೆಲಸದ ಸ್ಥಳವಾಗುತ್ತದೆ, ನಾವು ಉದ್ಯೋಗದಾತರಾಗುತ್ತೇವೆ. ಆ ಸ್ಥಾನಕ್ಕೆ ಕಾನೂನಿನ ಕೆಲವು ಕಟ್ಟುಪಾಡುಗಳಿವೆ. ಕಾನೂನು ಹೇಳದೇ ಬಿಟ್ಟ ಅನೇಕ ಹೊಣೆಗಳೂ ಇವೆ. ಆಯಾಳ ಹಕ್ಕು ಬೇರೆ, ಮಗುವಿನ ಕ್ಷೇಮ ಬೇರೆ ಎಂದು ತಿಳಿದವರು ಬಹಳ ಮಂದಿ. ನಿಜದಲ್ಲಿ ಎರಡಕ್ಕೂ ಬುನಾದಿ ಒಂದೇ. ನಿದ್ದೆಗೆಟ್ಟ, ಸಂಬಳ ಬಾಕಿಯಿರುವ, ತಪ್ಪಾದರೆ ಹೇಳಲು ಹೆದರುವ ಹೆಂಗಸಿನ ಕೈಯಲ್ಲಿ ಮಗು ಕ್ಷೇಮವಾಗಿರಲಾರದು.

ಇಪ್ಪತ್ತಾರು ವಾರ ಮುಗಿದ ಮೇಲೆ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದೂ ಹೇಳಿತು. ಹೆರಿಗೆಗೆ ಮುಂಚೆಯೇ ಕೆಲವು ವಾರ ರಜೆ ಹಾಕಿದವರಿಗೆ ಮಗುವಿಗೆ ಐದು ತಿಂಗಳು ತುಂಬುವುದರೊಳಗೆ ರಜೆ ಮುಗಿದಿರುತ್ತದೆ.

ಬಾಣಂತನಕ್ಕೆ ಬಂದ ಅಮ್ಮ ಅಥವಾ ಅತ್ತೆ ಊರಿಗೆ ಹಿಂತಿರುಗುವುದೂ ಹೆಚ್ಚುಕಡಿಮೆ ಆಗಲೇ. ಕಚೇರಿಯ ಶಿಶುಪಾಲನಾ ಕೇಂದ್ರ ಇದ್ದರೂ ಎರಡು ಗಂಟೆಯ ಟ್ರಾಫಿಕ್ಕಿನಲ್ಲಿ ಕೂಸನ್ನು ಕರೆದೊಯ್ಯುವ ಧೈರ್ಯ ಎಷ್ಟು ಮಂದಿಗಿದೆ? ಹೀಗಾಗಿ ಹುಡುಕಾಟ ಅವಸರದಲ್ಲೇ ಶುರುವಾಗುತ್ತದೆ. ‘ಸೋಮವಾರ ಆಫೀಸಿಗೆ ಹೋಗಲೇಬೇಕು, ಯಾರಾದರೂ ಸಿಕ್ಕರೆ ಸಾಕು’ ಎಂಬ ಸ್ಥಿತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಉಳಿದುಹೋಗುತ್ತವೆ. ಕೆಲಸಕ್ಕೆ ಮರಳುವ ದಿನಕ್ಕೆ ಕನಿಷ್ಠ ಒಂದು ತಿಂಗಳ ಮುಂಚೆ ಆಯಾ ಮನೆಗೆ ಬಂದಿರಬೇಕು. ಮಗು, ತಾಯಿ, ಆಯಾ ಮೂವರೂ ಒಂದೇ ಸೂರಿನಡಿ ಕಳೆಯುವ ಆ ದಿನಗಳಲ್ಲಿ ಕಲಿಯುವುದನ್ನು ಫೋನಿನಲ್ಲಿ ಹೇಳಿಕೊಡಲಾಗದು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಕಾರ್ಖಾನೆ ಅಥವಾ ಕಂಪನಿಯ ನೌಕರರಿಗಿರುವ ರಕ್ಷಣೆ ಮನೆಯೊಳಗೆ ದುಡಿಯುವವರಿಗೆ ಇಲ್ಲ. ಭವಿಷ್ಯ ನಿಧಿ ಸಾಮಾನ್ಯವಾಗಿ 20 ನೌಕರರಿರುವ ಸಂಸ್ಥೆಗೆ, ಇಎಸ್‌ಐ 10 ನೌಕರರಿರುವ ಸಂಸ್ಥೆಗೆ ಅನ್ವಯವಾಗುತ್ತದೆ. ಒಬ್ಬ ಆಯಾ ಇರುವ ಮನೆ ಈ ಎರಡರ ಲೆಕ್ಕಕ್ಕೂ ಬಾರದು. ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯು ‘ಉದ್ಯಮ’ದ ವ್ಯಾಪ್ತಿಯಿಂದ ಮನೆಗೆಲಸವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಏಕಾಏಕಿ ಕೆಲಸದಿಂದ ತೆಗೆದರೆ ಆಯಾ ಕೈಗಾರಿಕಾ ನ್ಯಾಯಮಂಡಳಿಯ ಮೆಟ್ಟಿಲೇರಲು ದಾರಿಯಿಲ್ಲ.

ಹಾಗೆಂದು ಮನೆ ಕಾನೂನಿಲ್ಲದ ಜಾಗವಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿ ಅಧಿಸೂಚನೆ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಅದು 2004ರಲ್ಲಿ. ಪಾತ್ರೆ, ಬಟ್ಟೆ, ಕಸಮುಸುರೆಯ ಜತೆಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಅದರಲ್ಲಿ ಸೇರಿತ್ತು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಮನೆಗೆಲಸದವರನ್ನು ಒಳಗೊಂಡವು.

ಕೊರತೆ ಇರುವುದು ಇವೆಲ್ಲವನ್ನೂ ಒಟ್ಟುಗೂಡಿಸುವ ಸಮಗ್ರ ಕಾನೂನಿನದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರ ಮತ ಹಾಕಿತು. ಆದರೆ ಒಡಂಬಡಿಕೆಗೆ ಅನುಮೋದನೆ ನೀಡಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮನೆಗೆಲಸದವರ ರಕ್ಷಣೆಗೆ ಕಾನೂನು ಚೌಕಟ್ಟು ರೂಪಿಸುವ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ಕರ್ನಾಟಕ ಸರ್ಕಾರ ಮನೆಗೆಲಸದವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರಡು ಮಸೂದೆಯೊಂದನ್ನು ಹೊರತಂದಿತು. ಕಾರ್ಮಿಕರು, ಉದ್ಯೋಗದಾತರು, ಏಜೆನ್ಸಿಗಳು ಎಲ್ಲರ ನೋಂದಣಿ, ಸಂಬಳದ ಮೇಲೆ ಶೇ 5ರವರೆಗೆ ಕಲ್ಯಾಣ ಶುಲ್ಕ ಅದರ ಮುಖ್ಯ ಅಂಶಗಳು. ಮಸೂದೆಯ ದಿಕ್ಕು ಸ್ಪಷ್ಟವಾಗಿದೆ. ನೋಂದಣಿ, ಬರಹದ ಒಪ್ಪಂದ, ವಂತಿಗೆ ಇವುಗಳಿಗೆ ಉದ್ಯೋಗದಾತರು ಈಗಲೇ ಒಗ್ಗಿಕೊಳ್ಳುವುದು ಒಳ್ಳೆಯದು.

ವಯಸ್ಸಿನ ವಿಚಾರದಲ್ಲಿ ರಾಜಿಯಿಲ್ಲ

‘ಊರಿನಿಂದ ಒಬ್ಬಳು ಹುಡುಗಿಯನ್ನು ಕಳಿಸ್ತೀನಿ, ಮಗು ಜೊತೆ ಆಟ ಆಡ್ಕೊಂಡು ಇರ್ತಾಳೆ’ ಎನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ಅದು ಅಪರಾಧಕ್ಕೆ ಆಹ್ವಾನ. 14ರೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯ ನಂತರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗಿನ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡೂ.

14 ದಾಟಿ 18 ತುಂಬದವರನ್ನು ದುಡಿಮೆಗಾಗಿ ಬಂಧನದಲ್ಲಿಟ್ಟರೆ ಅಥವಾ ಅವರ ಗಳಿಕೆಯನ್ನು ತಾನೇ ಇಟ್ಟುಕೊಂಡರೆ 2015ರ ಬಾಲನ್ಯಾಯ ಕಾಯ್ದೆಯಡಿ ಐದು ವರ್ಷದವರೆಗೆ ಕಠಿಣ ಸಜೆಯಾಗಬಹುದು. ಕಾನೂನಿನ ಮಾತು ಹಾಗಿರಲಿ, ಹದಿನಾರರ ಹುಡುಗಿಗೆ ಕೂಸಿನ ಜೀವದ ಹೊಣೆ ಹೊರಿಸುವುದು ಇಬ್ಬರಿಗೂ ಮಾಡುವ ಅನ್ಯಾಯ. 18 ತುಂಬಿರುವುದನ್ನು ದಾಖಲೆ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಪಕ್ಕದ ಮನೆಯಲ್ಲಿ ಮಗುವೊಂದು ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಏಜೆನ್ಸಿ, ಅಡ್ವಾನ್ಸ್, ಗುರುತು

ಬೆಂಗಳೂರಿಗೆ ಬರುವ ಆಯಾಗಳಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯವರಿದ್ದಾರೆ. ಮನೆಯಲ್ಲೇ ಉಳಿದು ದುಡಿಯುವವರಲ್ಲಿ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂನವರೂ ಇದ್ದಾರೆ. ದೂರದಿಂದ ಬರುವವರನ್ನು ಕರೆತರುವುದು ಹೆಚ್ಚಾಗಿ ಏಜೆನ್ಸಿಗಳು. ಹೆಣ್ಣುಮಕ್ಕಳು ಮೋಸ ಹೋಗುವುದನ್ನು ತಡೆಯಲು ಛತ್ತೀಸಗಡ 2013ರಲ್ಲಿ, ಜಾರ್ಖಂಡ್ 2016ರಲ್ಲಿ ಇಂಥ ಏಜೆನ್ಸಿಗಳ ನಿಯಂತ್ರಣಕ್ಕೆ ಕಾಯ್ದೆ ಮಾಡಿದವು.

ಏಜೆನ್ಸಿಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ. ನಾವು ಕೊಡುವ ಸಂಬಳ ಯಾರ ಖಾತೆಗೆ ಹೋಗುತ್ತದೆ? ಏಜೆನ್ಸಿಯ ಕಮಿಷನ್ ನಮ್ಮ ಖರ್ಚು. ಅದನ್ನು ಆಯಾಳ ಸಂಬಳದಲ್ಲಿ ಮುರಿಯಲು ಬಿಡಬಾರದು. ತಿಂಗಳ ಸಂಬಳ ಅವರದೇ ಹೆಸರಿನ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಖಾತೆ ಇಲ್ಲದಿದ್ದರೆ ಜನಧನ್ ಖಾತೆ ತೆರೆಸಿಕೊಡುವುದು ಉದ್ಯೋಗದಾತರು ಮಾಡಬಹುದಾದ ಮೊದಲ ಉಪಕಾರ.

ಅಡ್ವಾನ್ಸ್ ಬಗ್ಗೆ ವಿಶೇಷ ಎಚ್ಚರ ಬೇಕು. ಮಗಳ ಮದುವೆಗೆ, ಮನೆ ರಿಪೇರಿಗೆ ಸಾಲ ಕೇಳುವುದು ಸಹಜ, ಕೊಡುವುದೂ ತಪ್ಪಲ್ಲ. ಆದರೆ ‘ಸಾಲ ತೀರುವವರೆಗೂ ಕೆಲಸ ಬಿಡುವಂತಿಲ್ಲ’ ಎಂದು ಕಟ್ಟಿಹಾಕಿದರೆ ಅದು ಜೀತ. ಜೀತಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿದೆ. ಸಾಲ ಎಷ್ಟು, ತಿಂಗಳಿಗೆ ಎಷ್ಟು ಮುರಿದುಕೊಳ್ಳುವುದು ಎಂಬುದನ್ನು ಬರೆದಿಡಬೇಕು, ಕೆಲಸ ಬಿಡುವ ಹಕ್ಕನ್ನು ಮುಟ್ಟಬಾರದು. ಹೊರಗೆ ಹೋಗುವಾಗ ಆಯಾಳನ್ನು ಒಳಗಿಟ್ಟು ಬೀಗ ಹಾಕುವುದು ಅಕ್ರಮ ಬಂಧನ. ಬೆಂಕಿ ಬಿದ್ದರೆ ಮಗುವೂ ಅದೇ ಬೀಗದ ಹಿಂದೆ ಸಿಕ್ಕಿಕೊಳ್ಳುತ್ತದೆ.

ಗುರುತಿನ ಪರಿಶೀಲನೆ ಮಾಡಿಸಲೇಬೇಕು. ಪೊಲೀಸ್ ಪರಿಶೀಲನೆಗೆ ಸೇವಾಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಅದರ ಶುಲ್ಕ ನಾವೇ ಭರಿಸಬೇಕು, ವಿಷಯವನ್ನು ಅವರಿಗೆ ಮುಂಚೆಯೇ ಹೇಳಬೇಕು. ಆಧಾರ್ ನಕಲು ಸಾಕು, ಮೂಲ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸ್ ಪತ್ರಕ್ಕಿಂತ ಹೆಚ್ಚು ತಿಳಿಸುವುದು ಹಿಂದೆ ಕೆಲಸ ಮಾಡಿದ ಮನೆಗೆ ಮಾಡುವ ಒಂದು ಫೋನ್ ಕರೆ. ‘ಒಳ್ಳೆಯವರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಮಗು ಬಿದ್ದಾಗ ನಿಮಗೆ ಹೇಳಿದ್ದರಾ? ಯಾಕೆ ಬಿಟ್ಟರು? ಮತ್ತೆ ಮಗು ಆದರೆ ಅವರನ್ನೇ ಕರೀತೀರಾ?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಸಂಬಳವನ್ನು ಗಂಟೆಯಲ್ಲಿ ಲೆಕ್ಕ ಹಾಕಿ

‘ತಿಂಗಳಿಗೆ 18 ಸಾವಿರ ಕೊಡ್ತೀವಿ’ ಎಂಬ ಮಾತು ದೊಡ್ಡದಾಗಿಯೇ ಕೇಳಿಸುತ್ತದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ತಿಂಗಳಿಗೆ 26 ದಿನ ಎಂದಿಟ್ಟುಕೊಳ್ಳಿ. ಅದು 312 ಗಂಟೆಯ ದುಡಿಮೆ, ಗಂಟೆಗೆ 58 ರೂಪಾಯಿಯೂ ಬೀಳುವುದಿಲ್ಲ. ಅದೇ ಸಂಬಳಕ್ಕೆ ದಿನಕ್ಕೆ ಎಂಟೇ ಗಂಟೆಯಾದರೆ 208 ಗಂಟೆ, ಗಂಟೆಗೆ 86 ರೂಪಾಯಿ ಚಿಲ್ಲರೆ. ಮನೆಯಲ್ಲೇ ಇರುವ ಆಯಾ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಹಾಲು ಕುಡಿಸುತ್ತಿದ್ದರೆ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ಕನಿಷ್ಠ ವೇತನದ ದರ ತುಟ್ಟಿಭತ್ಯೆಯೊಂದಿಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಈ ವರ್ಷದ ದರವನ್ನು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನೋಡಬಹುದು, ಇಲಾಖೆಯ ಸಹಾಯವಾಣಿ 155214ಕ್ಕೆ ಕೇಳಬಹುದು. ಅದು ಕೊಡಲೇಬೇಕಾದ ತಳಮಟ್ಟ. ಕೂಸು ನೋಡಿಕೊಳ್ಳುವುದು ಕೌಶಲದ ಕೆಲಸ, ಸಂಬಳ ಅದಕ್ಕಿಂತ ಮೇಲಿರುವುದು ನ್ಯಾಯ.

ಇನ್ನೊಂದು ಸೂಕ್ಷ್ಮವಿದೆ. ಆಯಾ ಎಂದು ಕರೆತಂದವರ ಮೇಲೆ ಮೂರನೇ ವಾರಕ್ಕೆ ಪಾತ್ರೆ, ಎರಡನೇ ತಿಂಗಳಿಗೆ ಅಡುಗೆ, ಆಮೇಲೆ ನೆಲ ಒರೆಸುವುದೂ ಸೇರಿಕೊಳ್ಳುತ್ತದೆ. ಸಂಬಳ ಮಾತ್ರ ಅಷ್ಟೇ ಇರುತ್ತದೆ. ಇದು ಅನ್ಯಾಯವಷ್ಟೇ ಅಲ್ಲ, ಅಪಾಯ ಕೂಡ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ತೆವಳುವ ಮಗುವಿನ ಮೇಲೆ ಕಣ್ಣಿಡಲು ಯಾರಿಂದಲೂ ಆಗದು. ಮಗುವಿನ ಬಟ್ಟೆ, ಮಗುವಿನ ಪಾತ್ರೆ, ಮಗುವಿನ ಊಟ ಆಯಾಳ ಕೆಲಸ. ಮನೆಯವರ ಕೆಲಸಕ್ಕೆ ಬೇರೆಯವರಿರಬೇಕು, ಇಲ್ಲವೇ ನಾವೇ ಮಾಡಿಕೊಳ್ಳಬೇಕು.

ಒಂದು ಪುಟದ ಒಪ್ಪಂದ

ವಕೀಲರು ಬೇಕಿಲ್ಲ. ಕನ್ನಡದಲ್ಲಿ, ಅಥವಾ ಆಯಾಗೆ ತಿಳಿಯುವ ಭಾಷೆಯಲ್ಲಿ, ಒಂದು ಪುಟ ಬರೆದು ಓದಿ ಹೇಳಿ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು. ಅದು ಹೆಚ್ಚುಕಡಿಮೆ ಹೀಗಿರಬಹುದು:

‘ಕೆಲಸದ ಸಮಯ ಬೆಳಿಗ್ಗೆ 9ರಿಂದ ಸಂಜೆ 6. ಮಧ್ಯಾಹ್ನದ ಊಟ, ಎರಡು ಹೊತ್ತು ಕಾಫಿ-ತಿಂಡಿ ಮನೆಯಲ್ಲಿ. ಅದಕ್ಕೆ ಸಂಬಳದಲ್ಲಿ ಮುರಿಯುವುದಿಲ್ಲ. ಮಗು ಮಲಗಿದಾಗ ಒಂದು ಗಂಟೆ ವಿಶ್ರಾಂತಿ. ಭಾನುವಾರ ರಜೆ. ವರ್ಷಕ್ಕೆ 15 ದಿನ ಸಂಬಳಸಹಿತ ರಜೆ, ಹುಷಾರಿಲ್ಲದಾಗಿನ ರಜೆ ಬೇರೆ. ಸಂಬಳ ಪ್ರತಿ ತಿಂಗಳ 1ನೇ ತಾರೀಖು ಬ್ಯಾಂಕ್ ಖಾತೆಗೆ. ಸಂಜೆ 6ರ ನಂತರ ಉಳಿಯಬೇಕಾದರೆ ಗಂಟೆಗೆ ಎರಡು ಪಟ್ಟು, 8 ದಾಟಿದರೆ ಮನೆಗೆ ಆಟೊ. ನಾವು ಊರಿಗೆ ಹೋದ ದಿನಗಳ ಸಂಬಳ ಕಡಿತವಿಲ್ಲ. ದಸರಾಕ್ಕೆ ಒಂದು ತಿಂಗಳ ಬೋನಸ್. ಕೆಲಸ ಬಿಡುವುದಾದರೆ, ಬಿಡಿಸುವುದಾದರೆ ಒಂದು ತಿಂಗಳ ಮುಂಚೆ ಹೇಳಬೇಕು.’

ಇದರಲ್ಲಿನ ರಜೆಯ ದಿನ, ಬೋನಸ್ಸಿನ ಮೊತ್ತ ಕಾನೂನು ವಿಧಿಸಿದ್ದಲ್ಲ, ಇಬ್ಬರೂ ಕೂತು ಒಪ್ಪಿಕೊಳ್ಳುವಂಥದ್ದು. ‘ನಾವು ಊರಿಗೆ ಹೋದ ದಿನಗಳ ಸಂಬಳ’ ಎಂಬ ಸಾಲಿಗೆ ಬೆಲೆ ಹೆಚ್ಚು. ಬೇಸಿಗೆ ರಜೆಯಲ್ಲಿ ಮನೆಯವರು ಎರಡು ವಾರ ಅಜ್ಜಿ ಮನೆಗೆ ಹೋದರೆ ಆಯಾಳ ಮನೆಬಾಡಿಗೆ ನಿಲ್ಲುವುದಿಲ್ಲ, ಮಕ್ಕಳ ಶಾಲೆಯ ಶುಲ್ಕ ನಿಲ್ಲುವುದಿಲ್ಲ.

ಮನೆಯಲ್ಲೇ ಉಳಿಯುವವರ ಒಪ್ಪಂದದಲ್ಲಿ ಮಲಗುವ ಜಾಗವೂ ಬರಬೇಕು. ಅಡುಗೆಮನೆಯ ನೆಲ, ಬಾಲ್ಕನಿಯ ಮೂಲೆ ಮಲಗುವ ಜಾಗವಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಹಾಸಿಗೆ, ಫ್ಯಾನು, ಶೌಚಾಲಯ, ಯಾರೂ ಎಬ್ಬಿಸದ ಎಂಟು ಗಂಟೆ ನಿದ್ದೆ, ಮನೆಗೆ ಫೋನ್ ಮಾಡುವ ಸ್ವಾತಂತ್ರ್ಯ ಇರಲೇಬೇಕು. ರಾತ್ರಿ ಕೂಸು ನೋಡಿಕೊಂಡವರಿಗೆ ಹಗಲು ಬಿಡುವು ಕೊಡಬೇಕು.

ಮಗುವಿನ ಕ್ಷೇಮ: ಹೇಳಿಕೊಡಬೇಕಾದ್ದು

‘ಅವರಿಗೇ ಮೂರು ಮಕ್ಕಳಿವೆ, ಎಲ್ಲ ಗೊತ್ತಿರುತ್ತೆ’ ಎಂದುಕೊಳ್ಳುವುದು ತಪ್ಪು. ಅನುಭವ ದೊಡ್ಡದು, ಆದರೆ ವೈದ್ಯರ ಸಲಹೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಕೂಸನ್ನು ಅಂಗಾತ ಮಲಗಿಸಬೇಕು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಹಿಂಡಿಟ್ಟ ಎದೆಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಕಣ್ಣಿಗೆ ಬೀಳದ ಅಪಾಯ ಬಚ್ಚಲಮನೆಯ ಬಕೆಟ್. ಅಂಗೈಯಷ್ಟು ಆಳದ ನೀರಿನಲ್ಲೂ ಮಗು ಮುಳುಗಬಹುದು.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದನ್ನು ಎಲ್ಲರೂ ಕೈಯಾರೆ ಅಭ್ಯಾಸ ಮಾಡಬೇಕು. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತುಸು ಕೆಳಗಿರುವಂತೆ ಹಿಡಿದು, ಅಂಗೈಯ ಬುಡದಿಂದ ಭುಜಗಳ ನಡುವೆ ಐದು ಸಲ ತಟ್ಟಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಮಕ್ಕಳ ವೈದ್ಯರು ತೋರಿಸಿಕೊಡುತ್ತಾರೆ. ತಾಯಿ ತಂದೆಯ ಜತೆ ಆಯಾಳನ್ನೂ ಕರೆದೊಯ್ಯಬೇಕು.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿಡಿ. ತಂದೆ, ತಾಯಿ, ನೆರೆಮನೆಯವರು, ಮಗುವಿನ ವೈದ್ಯರು, ಆಂಬುಲೆನ್ಸ್ 108, ತುರ್ತು ಸಹಾಯ 112. ಕೆಳಗೆ ಮನೆಯ ವಿಳಾಸ, ಏಕೆಂದರೆ ಗಾಬರಿಯಲ್ಲಿ ಬ್ಲಾಕು, ಫ್ಲ್ಯಾಟ್ ನಂಬರು ನೆನಪಿಗೆ ಬರುವುದಿಲ್ಲ. ಔಷಧದ ವಿಚಾರದಲ್ಲಿ ಒಂದೇ ನಿಯಮ: ತಾಯಿ ಅಥವಾ ತಂದೆ ಫೋನಿನಲ್ಲಿ ಹೇಳದೆ ಒಂದು ಹನಿಯೂ ಕೊಡುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಮೈ ಬಿಸಿಯಾದರೆ ಥರ್ಮಾಮೀಟರ್ ಇಟ್ಟು ನೋಡಿ ಫೋನ್ ಮಾಡುವುದು ಆಯಾಳ ಕೆಲಸ, ಆ ಕರೆಯನ್ನು ಮೀಟಿಂಗಿನಲ್ಲಿದ್ದರೂ ತೆಗೆದುಕೊಳ್ಳುವುದು ನಮ್ಮ ಕೆಲಸ.

ಇನ್ನೊಂದು, ದಿನಚರಿಯ ನೋಟ್‌ಬುಕ್. ಎಷ್ಟು ಹೊತ್ತಿಗೆ ಹಾಲು, ಎಷ್ಟು ಸಲ ಒದ್ದೆ, ಎಷ್ಟು ಹೊತ್ತು ನಿದ್ದೆ, ಬಿದ್ದದ್ದು, ಅತ್ತದ್ದು. ಬರೆಯಲು ಬಾರದವರು ಗೆರೆ ಎಳೆದರೂ ಸಾಕು, ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು. ‘ಮಂಚದಿಂದ ಬಿತ್ತು’ ಎಂದು ಆಯಾ ಹೇಳಿದಾಗ ಮೊದಲ ಪ್ರತಿಕ್ರಿಯೆ ಕೂಗಾಟವಾದರೆ ಮುಂದಿನ ಸಲ ಆ ಸುದ್ದಿ ನಮ್ಮವರೆಗೆ ಬರುವುದಿಲ್ಲ. ತಲೆಗೆ ಪೆಟ್ಟಾದ ಮಗುವಿಗೆ ಆ ಮೌನ ಪ್ರಾಣಾಂತಿಕವಾಗಬಹುದು. ನಿಜ ಹೇಳಿದವರಿಗೆ ಮೊದಲು ಥ್ಯಾಂಕ್ಸ್ ಹೇಳಬೇಕು, ಆಮೇಲೆ ತಪ್ಪೆಲ್ಲಿ ಆಯಿತೆಂದು ನೋಡಬೇಕು.

ಕ್ರೌರ್ಯದ ಸಂಗತಿ ಬೇರೆ. ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹೊಡೆಯುವುದು, ಹಿಂಸಿಸುವುದು, ಬೇಕೆಂದೇ ನಿರ್ಲಕ್ಷಿಸುವುದು ಬಾಲನ್ಯಾಯ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಮಗುವಿಗೆ ಮದ್ಯ ಅಥವಾ ಮಾದಕ ವಸ್ತು ಕೊಟ್ಟರೆ ಶಿಕ್ಷೆ ಏಳು ವರ್ಷದವರೆಗೆ. ಮಗು ಯಾವಾಗಲೂ ಮಂಪರಿನಲ್ಲಿದ್ದರೆ, ಆಯಾ ಹತ್ತಿರ ಬಂದರೆ ಬೆಚ್ಚಿದರೆ, ಮೈಮೇಲೆ ಕಾರಣ ತಿಳಿಯದ ಗುರುತುಗಳಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ನಂತರ ಪೊಲೀಸರಿಗೆ ತಿಳಿಸಬೇಕು. ನಾವೇ ವಿಚಾರಣೆ ಮಾಡಿ ಕೈ ಎತ್ತುವಂತಿಲ್ಲ.

ಕ್ಯಾಮೆರಾ ಇಡುವುದಾದರೆ

ಹಾಲ್‌ನಲ್ಲಿ, ಮಗು ಆಡುವ ಕೋಣೆಯಲ್ಲಿ ಕ್ಯಾಮೆರಾ ಇಡುವುದು ತಪ್ಪಲ್ಲ. ಬಚ್ಚಿಟ್ಟು ಇಡುವುದು ಬೇಡ. ‘ಇಲ್ಲಿ, ಇಲ್ಲಿ ಇದೆ’ ಎಂದು ಮೊದಲ ದಿನವೇ ತೋರಿಸಬೇಕು. ಆಯಾ ಬಟ್ಟೆ ಬದಲಿಸುವ, ಸ್ನಾನ ಮಾಡುವ ಜಾಗದಲ್ಲಿ ಕ್ಯಾಮೆರಾ ಇಟ್ಟು ಚಿತ್ರ ಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಅವರ ವಿಡಿಯೊವನ್ನು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಒಬ್ಬರ ಬದುಕನ್ನೇ ಕಿತ್ತುಕೊಳ್ಳುವ ಕೆಲಸ. ಕ್ಯಾಮೆರಾ ಇದೆಯೆಂಬ ಕಾರಣಕ್ಕೆ ಮಗುವಿನ ಮೈ ನೋಡುವುದನ್ನು, ದಿನಚರಿ ಕೇಳುವುದನ್ನು, ಹೇಳದೆ ಒಂದು ಮಧ್ಯಾಹ್ನ ಮನೆಗೆ ಬರುವುದನ್ನು ಬಿಡುವಂತಿಲ್ಲ.

ಆಕೆಯ ಮರ್ಯಾದೆ, ಆಕೆಯ ರಕ್ಷಣೆ

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ‘ಕೆಲಸದ ಸ್ಥಳ’ದಲ್ಲಿ ಮನೆಯನ್ನೂ ಸೇರಿಸಿದೆ. ಕಂಪನಿಗಳಲ್ಲಿ ಆಂತರಿಕ ಸಮಿತಿ ಇರುವಂತೆ ಮನೆಗೆಲಸದವರಿಗಾಗಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಸಮಿತಿ ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ಮನೆಯ ಗಂಡಸರು, ಬಂದುಹೋಗುವ ನೆಂಟರು, ಚಾಲಕರು ಯಾರೇ ಇರಲಿ, ಆಯಾಳ ರಕ್ಷಣೆಯ ಹೊಣೆ ಮನೆಯವರದು. ‘ಏನಾದರೂ ತೊಂದರೆಯಾದರೆ ನನಗೆ ಹೇಳಿ, ನಿಮ್ಮ ಕೆಲಸಕ್ಕೆ ಧಕ್ಕೆ ಬರೋದಿಲ್ಲ’ ಎಂದು ಬಾಯಿಬಿಟ್ಟು ಹೇಳಿರಬೇಕು.

ಪ್ರತ್ಯೇಕ ಲೋಟ, ಪ್ರತ್ಯೇಕ ತಟ್ಟೆ, ಪ್ರತ್ಯೇಕ ಲಿಫ್ಟ್, ಸೋಫಾದಲ್ಲಿ ಕೂರಬಾರದೆಂಬ ಕಟ್ಟಳೆ ಈ ಕಾಲದಲ್ಲೂ ಹಲವು ಮನೆಗಳಲ್ಲಿ ಉಳಿದಿವೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, ಅದರ ಆಚರಣೆ ಶಿಕ್ಷಾರ್ಹ. ನಮ್ಮ ಮಗುವಿಗೆ ತುತ್ತು ಕೊಡುವ ಕೈಯನ್ನು ಮುಟ್ಟಲಾರೆವು ಎನ್ನುವುದು ಆ ಮಗುವಿಗೆ ನಾವು ಕಲಿಸುವ ಅತಿ ಕೆಟ್ಟ ಪಾಠ.

ಇಪ್ಪತ್ತು ರೂಪಾಯಿಯ ವಿಮೆ

ಸರ್ಕಾರದ ಯೋಜನೆಗಳಿವೆ, ಆದರೆ ಅರ್ಜಿ ತುಂಬಿಕೊಡುವವರಿಲ್ಲ. ವಾರಾಂತ್ಯದ ಎರಡು ಗಂಟೆ ಇದಕ್ಕೆ ಸಾಕು.

2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ 16ರಿಂದ 59ರ ವಯಸ್ಸಿನ ಅಸಂಘಟಿತ ಕಾರ್ಮಿಕರು ಹೆಸರು ನೋಂದಾಯಿಸಬಹುದು. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಮನೆಗೆಲಸದವರಿಗೆ ಜಾಗವಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುತ್ತದೆ. ಜೀವನ್ ಜ್ಯೋತಿ ಬಿಮಾ 436 ರೂಪಾಯಿಗೆ 2 ಲಕ್ಷದ ಜೀವವಿಮೆ. ತಿಂಗಳ ಆದಾಯ 15 ಸಾವಿರದೊಳಗಿದ್ದು ವಯಸ್ಸು 18ರಿಂದ 40ರೊಳಗಿದ್ದರೆ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಬಹುದು. ತಿಂಗಳಿಗೆ ವಯಸ್ಸಿಗೆ ತಕ್ಕಂತೆ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಹಾಕುತ್ತದೆ, 60ರ ನಂತರ ತಿಂಗಳಿಗೆ 3 ಸಾವಿರ ಸಿಗುತ್ತದೆ. ಈ ಕಂತುಗಳನ್ನು ಮನೆಯವರೇ ಕಟ್ಟಿದರೆ ವರ್ಷಕ್ಕೆ ಆಗುವ ಖರ್ಚು ಒಂದೆರಡು ಸಲ ಹೋಟೆಲಿನಲ್ಲಿ ಉಂಡಷ್ಟು.

ಹೊರದೇಶದ ಕನ್ನಡಿಗರ ಮನೆಯಲ್ಲಿ

ದುಬೈ, ಅಬುಧಾಬಿಯಲ್ಲಿರುವ ಕನ್ನಡಿಗರಿಗೆ ನಿಯಮಗಳು ಇನ್ನೂ ಖಚಿತವಾಗಿವೆ. ಯುಎಇಯ 2022ರ ಕಾನೂನು ಮನೆಗೆಲಸದವರಿಗೆ ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ ಕನಿಷ್ಠ 8 ಗಂಟೆ ಸತತವಾಗಿ, ವರ್ಷಕ್ಕೆ 30 ದಿನ ರಜೆ ಕೊಡಬೇಕೆನ್ನುತ್ತದೆ. ಪಾಸ್‌ಪೋರ್ಟ್ ಆಯಾಳ ಬಳಿಯೇ ಇರಬೇಕು. ಊರಿನಿಂದ ಪರಿಚಿತರನ್ನು ‘ವಿಸಿಟ್ ವೀಸಾ’ದಲ್ಲಿ ಕರೆಸಿಕೊಂಡು ಮಗು ನೋಡಲು ಹಚ್ಚುವುದು ಅವರನ್ನು ಅಕ್ರಮ ಕಾರ್ಮಿಕರನ್ನಾಗಿ ಮಾಡಿದಂತೆ. ಇಸಿಆರ್ (ವಲಸೆ ತಪಾಸಣೆ ಅಗತ್ಯ) ಪಾಸ್‌ಪೋರ್ಟ್ ಇರುವ ಮಹಿಳೆಯರು ಗಲ್ಫ್‌ಗೆ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು, ಇ-ಮೈಗ್ರೇಟ್ ಪೋರ್ಟಲ್ ಮೂಲಕವೇ ಹೋಗಬೇಕು ಎಂಬುದು ಭಾರತ ಸರ್ಕಾರದ ನಿಯಮ.

ಅಮೆರಿಕದಲ್ಲಿ ನ್ಯಾನಿಗೆ 2025ರಲ್ಲಿ 2,800 ಡಾಲರ್ ಅಥವಾ ಹೆಚ್ಚು ಸಂಬಳ ಕೊಟ್ಟ ಮನೆಯವರು ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ ಕಟ್ಟಬೇಕು, ವರ್ಷದ ಕೊನೆಗೆ ಸಂಬಳ, ತೆರಿಗೆಯ ವಿವರವಿರುವ ಡಬ್ಲ್ಯು-2 ಪತ್ರ ಕೊಡಬೇಕು. ನಗದಿನಲ್ಲಿ ಕೊಟ್ಟು ಕೈತೊಳೆದುಕೊಂಡರೆ ನ್ಯಾನಿಗೆ ನಿವೃತ್ತಿಯ ಆಸರೆ ತಪ್ಪುತ್ತದೆ, ಮನೆಯವರ ಮೇಲೆ ದಂಡ ಬೀಳುತ್ತದೆ.

ಬಿಡುವ ದಿನ

ಮಗು ಶಾಲೆಗೆ ಸೇರುವ ಹೊತ್ತಿಗೆ ಆಯಾ ಬೇಡವಾಗುತ್ತಾರೆ. ಅದನ್ನು ಕೊನೆಯ ದಿನ ಹೇಳಿದರೆ ಒಂದು ಸಂಸಾರದ ಆದಾಯ ರಾತ್ರೋರಾತ್ರಿ ನಿಂತುಹೋಗುತ್ತದೆ. ಒಂದು ತಿಂಗಳ ಮುಂಚೆ ತಿಳಿಸಬೇಕು, ಬಾಕಿ ಸಂಬಳವನ್ನು ಹೊರಡುವ ದಿನವೇ ಕೊಡಬೇಕು, ಇಷ್ಟು ವರ್ಷ ಕೆಲಸ ಮಾಡಿದ್ದಾರೆಂದು ಸಹಿ ಹಾಕಿದ ಪತ್ರ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದಷ್ಟು ಇಡಿಗಂಟು ಕೊಡುವ ಮನೆಗಳಿವೆ. ಕಾನೂನು ಕಡ್ಡಾಯ ಮಾಡದಿದ್ದರೂ ಅದು ಅನುಸರಿಸಬೇಕಾದ ಮೇಲ್ಪಂಕ್ತಿ.

ಸಂಬಳದ ತಕರಾರು, ಸುಳ್ಳು ಕಳವಿನ ಆರೋಪ ಎದುರಾದರೆ ಆಯಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಬೆಂಗಳೂರಿನಲ್ಲಿ ಮನೆಗೆಲಸದವರದೇ ಯೂನಿಯನ್‌ಗಳೂ ಇವೆ. ಆಯಾ ಯೂನಿಯನ್ ಸೇರಿದರೆ ಅದು ನಮ್ಮ ಮೇಲಿನ ಅಪನಂಬಿಕೆಯಲ್ಲ, ಅವರ ಹಕ್ಕು.

ಆಯಾಳ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಕೂಸನ್ನು ಎತ್ತಿಕೊಂಡ ಹೆಂಗಸಿನ ಮನೆಯಲ್ಲೂ ಮಗುವಿರುತ್ತದೆ. ಅದು ಅಂಗನವಾಡಿಯಲ್ಲಿ ಸಂಜೆಯ ಹೊತ್ತಿಗೆ ಕಾಯುತ್ತಿರಬಹುದು, ಹನ್ನೊಂದು ವರ್ಷದ ಅಕ್ಕನ ಕಂಕುಳಲ್ಲಿರಬಹುದು, ದೂರದ ಊರಿನಲ್ಲಿ ಅಜ್ಜಿಯ ಬಳಿ ಇರಬಹುದು. ಹಳ್ಳಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ನಗರದ ಮನೆಗೆಲಸದವರ ಬಡಾವಣೆಗಳಲ್ಲೂ ಅಂಥದ್ದು ಬೇಕು, ಅದೂ ಸಂಜೆ ಏಳರವರೆಗೆ ತೆರೆದಿರುವಂಥದ್ದು. ನೂರಾರು ಆಯಾಗಳು ಬಂದುಹೋಗುವ ದೊಡ್ಡ ಅಪಾರ್ಟ್‌ಮೆಂಟುಗಳು ಕ್ಲಬ್‌ಹೌಸಿನ ಒಂದು ಕೋಣೆಯನ್ನು ಅವರ ಮಕ್ಕಳಿಗೆ ಬಿಟ್ಟುಕೊಡಬಹುದು.

ಆಕೆಯ ಮಗನಿಗೆ ಜ್ವರ ಬಂದ ದಿನ ಆಕೆಗೆ ರಜೆ ಬೇಕು. ಆ ರಜೆ ಕೊಡಲು ನಾವು ನಮ್ಮ ಕಚೇರಿಯಲ್ಲಿ ರಜೆ ಕೇಳಬೇಕಾಗುತ್ತದೆ, ಪ್ರತಿ ಸಲವೂ ತಾಯಿಯೇ ಅಲ್ಲ, ತಂದೆಯೂ. ಉದ್ಯೋಗದಾತರಾಗುವುದೆಂದರೆ ಇಂಥ ಅನನುಕೂಲವನ್ನು ಒಪ್ಪಿಕೊಳ್ಳುವುದು. ಸಮಗ್ರ ಕಾನೂನು ಬರಲಿ, ಬೇಗ ಬರಲಿ. ಅದು ಬರುವವರೆಗೆ ಕಾಯಬೇಕಾದ ಕೆಲಸಗಳೇನೂ ಈ ಪಟ್ಟಿಯಲ್ಲಿಲ್ಲ. ಒಪ್ಪಂದದ ಪುಟವನ್ನು ಇವತ್ತು ಸಂಜೆಯೇ ಬರೆಯಬಹುದು, ವಿಮೆಯ ಕಂತನ್ನು ನಾಳೆಯೇ ಕಟ್ಟಬಹುದು, ಭಾನುವಾರದ ರಜೆಯನ್ನು ಈ ವಾರದಿಂದಲೇ ಕೊಡಬಹುದು.